ಸಭೆಯ ಮನಸ್ಸು

ಆ ಒಂದು ಪದ ಬೆಳಗ್ಗೆಯಿಂದ ಟೇಸಿಯ ನಾಲಗೆಯ ಮೇಲೆ ಕೂದಲೆಳೆಯಂತೆ ಅಂಟಿಕೊಂಡಿತ್ತು. ಉಗುಳಿದರೆ ಹೋಗದು, ನುಂಗಿದರೆ ಇಳಿಯದು. ಬೇಯಿಸಿದ ಬೀಟ್‌ರೂಟಿನ ಸಿಪ್ಪೆಯನ್ನು ಹೆಬ್ಬೆರಳಿನಿಂದ ಜಾರಿಸುತ್ತ, ಬೆರಳುಗಳೆಲ್ಲ ಕೆಂಪಾಗುವುದನ್ನು ನೋಡುತ್ತ, ಅವಳು ಅದನ್ನೇ ಒಳಗೊಳಗೆ ಹೊರಳಿಸುತ್ತಿದ್ದಳು. ಗ್ರಹಿಸಿದ್ದೇನೆ. ಸಭೆಯ ಮನಸ್ಸು ಹೀಗಿದೆ ಎಂದು ಗ್ರಹಿಸಿದ್ದೇನೆ. ಅಪ್ಪ ಸಭಾಮನೆಯ ಮೇಜಿನ ಹಿಂದೆ ಕೂತು ಆ ಮಾತು ಹೇಳುತ್ತಿದ್ದಾಗ ಆಳದ ಬಾವಿಯಿಂದ ತುಂಬಿದ ಬಕೆಟ್ಟು ಮೇಲೆ ಬಂದು ಕಟ್ಟೆಯ ಮೇಲೆ ಕೂತ ಹಾಗಿರುತ್ತಿತ್ತು. ನೀರು ಒಂದಿಷ್ಟು ತುಳುಕಿ, ಆಮೇಲೆ ನಿಂತು, ಅದರಲ್ಲಿ ಎಲ್ಲರಿಗೂ ತಂತಮ್ಮ ಮುಖ ಕಾಣುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಸಭೆ ಆ ಮೇಜನ್ನು, ನಿರ್ಣಯ ಬರೆಯುವ ಕೆಲಸವನ್ನು, ಅವಳಿಗೆ ಕೊಟ್ಟಿತು. ಯಾಕೆ ಕೊಟ್ಟಿತೆಂದು ಅವಳು ಕೇಳಿರಲಿಲ್ಲ. ಅಕ್ಷರ ಚೆನ್ನಾಗಿದೆ ಎಂದಿರಬಹುದು, ಮಾತು ಕಡಿಮೆ ಎಂದಿರಬಹುದು. ಅದೂ ಒಂದು ಊಹೆಯೇ ಎಂದುಕೊಂಡು ಟೇಸಿ ಚಾಕು ತೊಳೆದಳು.

“ಸಾಕು ಬಿಡೆ,” ಎಂದ ಗಂಡ ಲಿಂಡ್ಲಿ, ಬಾಗಿಲಲ್ಲಿ ಕೂತು ಬೂಟು ಎಳೆದುಕೊಳ್ಳುತ್ತ. “ದಂಡಿಗೆ ಬಡಿಸೋ ಹಾಗೆ ಮಾಡಿದೀಯ. ನಮ್ಮೋರು ಯುದ್ಧ ಪಾಪ ಅಂತ ದಂಡಿನ ಸಹವಾಸ ಬಿಟ್ಟು ಮುನ್ನೂರು ವರ್ಷ ಆಯ್ತು.”

ನಗಬೇಕಿತ್ತು. ನಗು ಬರುವುದರೊಳಗೆ ಅವನು ಮುಂದಿನ ಮಾತಿಗೆ ಹೋಗಿದ್ದ.

“ಎಲ್ವುಡ್ ಸಮಾಚಾರ ನೀನೇ ಹೇಳ್ತೀಯೋ, ಹಲ್ಡಾ ಹೇಳ್ತಾಳೋ?”

“ಅವನ ಮನೆಗೆ ಇಬ್ಬರೂ ಹೋಗಿದ್ವಲ್ಲ. ಇಬ್ಬರೂ ಹೇಳ್ಬೇಕು.”

“ಬರ್ತಾನಂತಾ ಅವನು ಮತ್ತೆ ಸಭೆಗೆ?”

“ಬರ್ತಾನೆ ಅಂತಾಳೆ ಹಲ್ಡಾ.”

“ನಾನು ಕೇಳಿದ್ದು ನಿನ್ನ.”

ಅವಳು ಜಾಡಿಗೆ ಮುಚ್ಚಳ ಹಾಕಿ ಬಿಗಿಯಾಗಿ ತಿರುಗಿಸಿದಳು. ಮುಚ್ಚಳ ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದಳು. ಎಲ್ವುಡ್ ಹೇಳಿ ಕಳಿಸಿದ ಮಾತನ್ನು ಗಂಡನಿಗೂ ಹೇಳಿರಲಿಲ್ಲ. ತನ್ನ ಹೆಸರನ್ನು ಸ್ನೇಹಿತರೆಂದು ಕರೆದುಕೊಳ್ಳುವ ತಮ್ಮ ಪಂಗಡದ ಪಟ್ಟಿಯಿಂದ ತೆಗೆಸು ಎಂದಿದ್ದ ಅವನು. ಹೆಸರು ತೆಗೆದರೆ ಸಭಾಮನೆಯ ಪಕ್ಕದ ಹೂಳುವ ಮಣ್ಣಿನಲ್ಲಿ ಅವನಿಗೆ ಜಾಗವಿಲ್ಲ. ತೀರಿಹೋದ ಹೆಂಡತಿ ಓರ್ಫಾ ಅಲ್ಲಿ ಬೇಲಿಯ ಒಳಗೆ, ಅವನು ಬೇರೆ ಎಲ್ಲೋ. ಇದು ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದ. ಇವತ್ತು ಅವಳು ಬಾಯಿ ಬಿಟ್ಟು ಆ ಮಾತು ಹೇಳಬೇಕು, ಮೇಜಿನ ಮೇಲಿನ ಲೇಖನಿ ಎತ್ತಿ ಸಭೆಯ ಮನಸ್ಸನ್ನು ಬರೆಯಬೇಕು.

ಲಿಂಡ್ಲಿ ಗಾಡಿ ಓಡಿಸಿದ, ಅವಳು ಹೊರಗೆ ನೋಡುತ್ತ ಕೂತಳು. ಅಯೋವಾದ ಆ ಹೊಲಗಳು ಹನ್ನೊಂದನೆಯ ತಿಂಗಳಲ್ಲಿ ಕೂದಲು ಕತ್ತರಿಸಿದ ತಲೆಗಳ ಹಾಗೆ ಕಾಣುತ್ತಿದ್ದವು. ಕೊಯ್ದ ಮುಸುಕಿನ ಜೋಳದ ಕೂಳೆ ಸಾಲುಸಾಲಾಗಿ ಆಕಾಶದವರೆಗೆ ಹೋಗಿ ಅಲ್ಲಿ ಏನೂ ಸಿಗದೆ ನಿಂತಿತ್ತು. ಎಲ್ಲಿಂದಲೋ ಹಂದಿಗಳ ವಾಸನೆ, ಎಲ್ಲಿಂದಲೋ ಜೋಳ ಒಣಗಿಸುವ ಯಂತ್ರದ ಒಂದೇ ಸಮನೆಯ ಗುಂಯ್‌ಗುಡುವಿಕೆ. ಪಟ್ಟಣದ ಬಟ್ಟೆ ಅಂಗಡಿಯವಳು ಒಮ್ಮೆ ಟೇಸಿಯನ್ನು ಕೇಳಿದ್ದಳು, ನಿಮ್ಮಲ್ಲಿ ಓಟು ಹಾಕಲ್ಲವಂತಲ್ಲ, ಕೈ ಎತ್ತಲ್ಲವಂತಲ್ಲ, ಮತ್ತೆ ಹೇಗ್ರೀ ಗೊತ್ತಾಗುತ್ತೆ ಯಾರಿಗೆ ಏನು ಬೇಕು ಅಂತ? ಟೇಸಿ ಹೇಳಿದ್ದಳು: ಸುಮ್ಮನೆ ಕೂತಿರ್ತೀವಿ. ಯಾರಿಗಾದರೂ ಹೇಳ್ಬೇಕು ಅನಿಸಿದ್ರೆ ಎದ್ದು ಹೇಳ್ತಾರೆ. ಮತ್ತೆ ಸುಮ್ಮನೆ ಕೂರ್ತೀವಿ. ಒಬ್ಬರು ಬರೆಯೋರು ಇರ್ತಾರೆ, ಅವರು ಹೇಳಿದ್ದನ್ನೂ ಕೇಳ್ತಾರೆ, ಹೇಳದೆ ಇದ್ದದ್ದನ್ನೂ ಕೇಳ್ತಾರೆ. ಅಂಗಡಿಯವಳು ಬಟ್ಟೆ ಅಳೆಯುತ್ತಿದ್ದ ಕೈ ನಿಲ್ಲಿಸಿ, “ಹೇಳದೆ ಇದ್ದದ್ದನ್ನ ಕೇಳೋದು ನಮ್ಮನೆಯವರಿಗೂ ಸ್ವಲ್ಪ ಕಲಿಸಿ,” ಎಂದಿದ್ದಳು. ಆಗ ಟೇಸಿಗೆ ಹೆಮ್ಮೆಯಾಗಿತ್ತು. ಆ ಹೆಮ್ಮೆಯ ರುಚಿ ಈಗ ನೆನಪಾದರೆ ಹಲ್ಲಿನ ಸಂದಿಯಲ್ಲಿ ಏನೋ ಕೊಳೆತ ಹಾಗೆ.

ಸಭಾಮನೆಯ ಪಕ್ಕದಲ್ಲೇ ಸ್ನೇಹಿತರ ಮಣ್ಣು. ಕಲ್ಲುಗಳೆಲ್ಲ ಒಂದೇ ಎತ್ತರ, ಮೊಣಕಾಲಿನ ಕೆಳಗೇ. ಹೆಸರು, ಹುಟ್ಟಿದ್ದು, ಹೋದದ್ದು, ಅಷ್ಟೇ. ಸತ್ತ ಮೇಲೆ ಯಾರೂ ಯಾರಿಗಿಂತ ದೊಡ್ಡವರಾಗಬಾರದು ಎನ್ನುವುದು ಹಿಂದಿನವರ ಕಟ್ಟಳೆ. ಓರ್ಫಾಳ ಕಲ್ಲು ಈಗ ಸಾಲಿನಲ್ಲಿ ಸರಿಯಾಗಿ ನಿಂತಿತ್ತು. ಕೊಯ್ದ ಕಡೆ ಮಾತ್ರ ಇನ್ನೂ ಬಿಳಿ, ಹೊಸದಾಗಿ ಕಿತ್ತ ಹಲ್ಲಿನ ಬುಡದಂತೆ. ಲಿಂಡ್ಲಿ ಅತ್ತ ನೋಡದೆ ಜಾಡಿ ಎತ್ತಿಕೊಂಡು ಒಳಗೆ ನಡೆದ. ಟೇಸಿ ನೋಡಿದಳು. ನೋಡಬೇಕೆಂದೇ ಪ್ರತಿ ಸಲ ನೋಡುತ್ತಿದ್ದಳು, ಗಾಯದ ಹಕ್ಕಳೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವ ಮಕ್ಕಳ ಹಾಗೆ.

ಒಳಗೆ ಒಲೆ ಆಗಲೇ ಉರಿಯುತ್ತಿತ್ತು. ಗಂಡಸರ ಕಡೆ ಗಂಡಸರು, ಹೆಂಗಸರ ಕಡೆ ಹೆಂಗಸರು ಕೂತರು, ಮಾತುಗಳು ಒಂದೊಂದಾಗಿ ಆರಿದವು, ಮೌನ ಬಂತು. ಚಿಕ್ಕಂದಿನಲ್ಲಿ ಅವಳಿಗೆ ಈ ಮೌನ ಬಾಗಿಲು ತೆರೆದುಕೊಂಡು ಒಳಗೆ ಬರುವ ಒಂದು ದೊಡ್ಡ ಪ್ರಾಣಿಯಂತೆ ಕಾಣುತ್ತಿತ್ತು. ಬೆಚ್ಚನೆಯ ಮೈ, ನಿಧಾನದ ಉಸಿರು, ಎಲ್ಲರ ಕಾಲ ಬಳಿ ಸುತ್ತಿಕೊಂಡು ಮಲಗುವುದು. ಈಗ ಅದು ಬಾಗಿಲ ಹೊರಗೇ ನಿಲ್ಲುತ್ತದೆ. ಗಂಡಸರ ಕಡೆ ಮೂರನೆಯ ಬೆಂಚಿನ ಕಿಟಕಿಯ ಪಕ್ಕ ಎಲ್ವುಡ್ ಕೂರುತ್ತಿದ್ದ ಜಾಗ ಖಾಲಿಯಿತ್ತು. ಯಾರೂ ಅಲ್ಲಿ ಕೂತಿರಲಿಲ್ಲ, ಕೂರಬಾರದೆಂದು ಯಾರೂ ಹೇಳಿಯೂ ಇರಲಿಲ್ಲ. ಮೆತ್ತೆಯಲ್ಲಿ ಅವನ ತಗ್ಗು ಹಾಗೇ ಇತ್ತು. ನಾಲ್ಕನೆಯ ತಿಂಗಳ ಸಭೆಯಲ್ಲಿ ಅವನು ಅಲ್ಲೇ ಇದ್ದ, ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಊರಿಕೊಂಡು, ತಲೆ ಬಗ್ಗಿಸಿಕೊಂಡು. ಅವತ್ತು ಎಝ್ರಾ ಎದ್ದು ನಿಂತಿದ್ದ. ಮಣ್ಣಿನ ಮೇಲ್ವಿಚಾರಣೆ ಅವನದು. ಹುಲ್ಲು ಕತ್ತರಿಸುವುದು, ಬೇಲಿ ರಿಪೇರಿ, ಎಲ್ಲ. ಓರ್ಫಾಳ ಕಲ್ಲು ಉಳಿದ ಕಲ್ಲುಗಳ ದುಪ್ಪಟ್ಟು ಎತ್ತರ ಇದೆ, ಮೇಲೆ ಗೋಧಿಯ ಸಿವುಡು ಬೇರೆ ಕೆತ್ತಿದೆ, ಅವಳ ಅಕ್ಕ ಹಾಕಿಸಿದ್ದು, ಅಕ್ಕ ನಮ್ಮವಳಲ್ಲ, ನಮ್ಮ ರೀತಿ ಗೊತ್ತಿಲ್ಲ, ವರ್ಷವಾಯಿತು, ಇನ್ನು ಸರಿಮಾಡಬಹುದಲ್ಲ ಎಂದ. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಬೇಲಿಯ ಗೂಟ ವಾಲಿದೆ ಅನ್ನುವ ಹಾಗೆ ಹೇಳಿದ. ಇಬ್ಬರು ಮೂವರು, ನನಗೂ ಹಾಗೇ ಅನಿಸುತ್ತೆ, ಎಂದರು. ಆಮೇಲೆ ಮೌನ. ಎಲ್ಲರ ಮೌನವೂ ಎಲ್ವುಡ್‌ನ ಸುತ್ತ ನಿಂತಿತ್ತು. ಕಾಯಬೇಕಿತ್ತು. ಅಪ್ಪನಾಗಿದ್ದರೆ ಕತ್ತಲಾಗುವವರೆಗೆ ಕಾಯುತ್ತಿದ್ದ.

ಆದರೆ ಟೇಸಿಗೆ ಮೂತ್ರ ಒತ್ತಿ ಬಂದಿತ್ತು. ಮೂರನೆಯ ಮಗುವಾದ ಮೇಲೆ ಅವಳ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಸೀನಿದರೆ, ಜೋರಾಗಿ ನಕ್ಕರೆ, ತುಂಬ ಹೊತ್ತು ಕೂತರೆ ಭಯ. ಬೆಳಗ್ಗೆ ಚಳಿಯೆಂದು ಎರಡು ಲೋಟ ಕಾಫಿ ಕುಡಿದಿದ್ದಳು. ಮೇಜಿನ ಕೆಳಗೆ ತೊಡೆಗಳನ್ನು ಬಿಗಿಹಿಡಿದು, ಬೆವರುತ್ತ, ಅವಳು ಎಲ್ವುಡ್‌ನ ಕಡೆ ನೋಡಿದಳು. ಅವನ ಗಂಟಲಿನ ಗುಬುಟು ಮೇಲೆ ಕೆಳಗೆ ಆಡಿತು. ಅದನ್ನು ನೋಡಿದಳು, ಖಂಡಿತ ನೋಡಿದಳು. ಆಮೇಲೆ ಅವನ ತಲೆ ಇನ್ನೊಂದಿಷ್ಟು ಬಾಗಿತು. ಅಷ್ಟು ಸಾಕಾಯಿತು. “ಓರ್ಫಾಳ ಕಲ್ಲನ್ನು ಉಳಿದವುಗಳ ಎತ್ತರಕ್ಕೆ ಇಳಿಸಬೇಕೆಂಬುದು ಸಭೆಯ ಮನಸ್ಸೆಂದು ಗ್ರಹಿಸಿದ್ದೇನೆ,” ಎಂದು ಓದಿದಳು, ಇನ್ನೂ ಬರೆಯುತ್ತಿರುವಾಗಲೇ ಓದಿದಳು. ನನಗೂ ಹಾಗೇ ಅನಿಸುತ್ತೆ, ನನಗೂ ಹಾಗೇ ಅನಿಸುತ್ತೆ. ಎಲ್ವುಡ್ ಏನೂ ಹೇಳಲಿಲ್ಲ. ಸಭೆ ಮುಗಿದು ಕೈಕುಲುಕಿದ್ದೇ ತಡ ಅವಳು ಹಿತ್ತಲ ಕಕ್ಕಸಿಗೆ ಓಡಿದಳು. ಹಲಗೆಯ ಸಂದಿಯಿಂದ ಗಾಳಿ ಬೀಸುತ್ತಿತ್ತು, ಅಂಗಳದಲ್ಲಿ ಯಾರೋ ಹಂದಿಯ ಬೆಲೆ ಹೇಳಿ ನಗುತ್ತಿದ್ದರು. ಅಲ್ಲಿ ಕೂತಾಗಲೇ, ಮೈ ಹಗುರಾಗುತ್ತಿದ್ದ ಆ ಸುಖದ ನಡುವೆಯೇ, ಅವಳಿಗೆ ತಾನೇನು ಮಾಡಿದೆ ಎಂದು ತಿಳಿದದ್ದು.

ಅವತ್ತು ಊಟದ ಹೊತ್ತಿಗೆ ಹಲ್ಡಾ ಪಕ್ಕ ಬಂದು ಕೂತಳು. ಎಂಬತ್ತು ದಾಟಿದ ಮುದುಕಿ, ಟೇಸಿಯನ್ನು ತೊಟ್ಟಿಲಲ್ಲಿ ನೋಡಿದವಳು, ಈಗಲೂ ಹುಡುಗಿ ಎಂದೇ ಕರೆಯುವವಳು. ಆಲೂಗಡ್ಡೆಯ ಮುದ್ದೆಯ ಮೇಲೆ ಕೋಳಿಯ ಶಾವಿಗೆ ಹಾಕಿಕೊಂಡು, ಚಮಚದಿಂದ ಅದಕ್ಕೊಂದು ಗುಂಡಿ ಮಾಡುತ್ತ, ಮೆಲ್ಲಗೆ ಹೇಳಿದಳು: “ಹುಡುಗಿ, ಗ್ರಹಿಸಿದೆ ಅಂತ ಯಾಕೆ ಬರೆದೆ?”

“ಎಲ್ಲರೂ ಹಾಗೇ ಬರೆಯೋದು. ಅಪ್ಪನೂ ಹಾಗೇ ಬರೀತಿದ್ದ.”

“ನಿಮ್ಮಪ್ಪ ಗ್ರಹಿಸ್ತಿದ್ದ, ಅದಕ್ಕೆ ಬರೀತಿದ್ದ. ನೀನು ಊಹೆ ಮಾಡಿದೆ. ಊಹೆ ಮಾಡಿದೆ ಅಂತಲೇ ಬರೆದಿದ್ರೆ ಏನೂ ಪಾಪ ಇರ್ಲಿಲ್ಲ. ಎಝ್ರಾ ಆಗ್ಲೇ ಎದ್ದು, ಊಹೆ ಮೇಲೆ ಕಲ್ಲು ಕೊಯ್ಯೋಕಾಗಲ್ಲಮ್ಮ ಅಂದಿರೋನು.”

“ಎಲ್ವುಡ್ ತಲೆ ಆಡಿಸಿದ.”

“ಆಡಿಸಿದನೋ, ಬಗ್ಗಿಸಿದನೋ?”

ಹಲ್ಡಾ ಶಾವಿಗೆ ಬಾಯಿಗಿಟ್ಟು ಅಗಿದು ನುಂಗಿ, “ಉಪ್ಪು ಕಮ್ಮಿ,” ಎಂದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಎಲ್ವುಡ್ ಅದರ ಮುಂದಿನ ಮೊದಲ ದಿನ, ಅಂದರೆ ಭಾನುವಾರ, ಸಭೆಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಬೇಸಿಗೆ ಬಂದು ಹೋಯಿತು. ಕಲ್ಲಿನಿಂದ ಕೊಯ್ದ ತುಂಡನ್ನು ಎಝ್ರಾ ತನ್ನ ಹಂದಿಮನೆಯ ಬಾಗಿಲು ಮುಚ್ಚಿಕೊಳ್ಳದಂತೆ ಒತ್ತಿಟ್ಟಿದ್ದ. ಒಳ್ಳೆಯ ಮನುಷ್ಯ, ಯಾವ ವಸ್ತುವನ್ನೂ ಎಸೆಯುವವನಲ್ಲ. ಮೊಟ್ಟೆ ಕೊಡಲು ಹೋದಾಗ ಟೇಸಿ ಅದನ್ನು ನೋಡಿದಳು. ಗೋಧಿಯ ತೆನೆಗಳ ನಡುವೆ ಹಂದಿಯ ಹೊಲಸು ಒಣಗಿತ್ತು. ಆ ರಾತ್ರಿಯಿಂದ ಅವಳಿಗೆ ಎಲ್ವುಡ್‌ನ ಎದೆಯೊಳಗಿನದೆಲ್ಲ ಸ್ಪಷ್ಟವಾಗಿ ಕಾಣತೊಡಗಿತು. ಅವನ ನೋವು, ಅವನ ಅವಮಾನ, ಬಾಯಿಗೆ ಬಂದು ನಿಂತ ಬೇಡ ಅನ್ನುವ ಮಾತು. ಪಾತ್ರೆ ತೊಳೆಯುವಾಗ, ಹಾಸಿಗೆ ಹಾಸುವಾಗ ಅವಳು ಅವನ ಪರವಾಗಿ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು. ಕೆಲವೊಮ್ಮೆ ಅವನ ಧ್ವನಿಯಲ್ಲೇ.

ಅವಳ ಅಜ್ಜಿ ಚಳಿಗಾಲದಲ್ಲಿ ಒಂದು ಕಥೆ ಹೇಳುತ್ತಿದ್ದಳು. ಒಂದು ಕೆರೆ ಇತ್ತಂತೆ, ಅದರ ದಡದಲ್ಲಿ ಒಬ್ಬ ಮೀನುಗಾರನಿದ್ದನಂತೆ. ಕೆರೆ ಹೆಪ್ಪುಗಟ್ಟಿದ ರಾತ್ರಿಗಳಲ್ಲಿ ಮಂಜುಗಡ್ಡೆಯ ಕೆಳಗಿನಿಂದ ಟಕ್ ಟಕ್ ಎಂದು ಯಾರೋ ತಟ್ಟುವ ಸದ್ದು ಅವನಿಗೆ ಕೇಳುತ್ತಿತ್ತಂತೆ. ಅಯ್ಯೋ, ಯಾವ ಹೆಂಗಸೋ ಏನೋ, ಹೊರಗೆ ಬರಲಾರದೆ ಕರೆಯುತ್ತಿದ್ದಾಳೆ, ಎಂದು ಅವನಿಗೆ ನಿದ್ದೆ ಹತ್ತದು. ಕೊನೆಗೊಂದು ದಿನ ಕೊಡಲಿ ತಂದು ಮಂಜುಗಡ್ಡೆ ಒಡೆದನಂತೆ. ಕೆಳಗೆ ನಿಜಕ್ಕೂ ಒಬ್ಬ ಹೆಂಗಸು ಇದ್ದಳು. ತಲೆಯೆತ್ತಿ ನೋಡಿ ಹೇಳಿದಳಂತೆ, ನಾನು ಕರೀತಿರ್ಲಿಲ್ಲಪ್ಪ, ಮಗೂನ ತಟ್ಟಿ ಮಲಗಿಸ್ತಿದ್ದೆ. ಆ ತೂತಿನಿಂದ ಚಳಿ ಒಳಗೆ ಹೋಗಿ ಮಗುವಿಗೆ ಮತ್ತೆ ನಿದ್ದೆಯೇ ಬರಲಿಲ್ಲ. ಆಮೇಲೆ ಏನಾಯ್ತಜ್ಜಿ, ಎಂದರೆ ಅಜ್ಜಿ, ಆಮೇಲೆ ಏನಾಗುತ್ತೆ, ಮಗು ಈಗಲೂ ಎಚ್ಚರ ಇದೆ, ಮಲಕ್ಕೋ ನೀನು, ಎನ್ನುತ್ತಿದ್ದಳು. ಮೀನುಗಾರ ಒಳ್ಳೆಯವನೋ ಕೆಟ್ಟವನೋ ಎಂದು ಅಜ್ಜಿ ಒಮ್ಮೆಯೂ ಹೇಳಲಿಲ್ಲ.

ತಿಂಗಳುಗಟ್ಟಲೆ ಸಭೆಗೆ ಬಾರದವರ ಮನೆಗೆ ಇಬ್ಬರನ್ನು ಕಳಿಸುವುದು ಸ್ನೇಹಿತರ ಪದ್ಧತಿ. ಹೋಗಬೇಕಾದವರು ಯಾರೆಂಬ ಮಾತು ಬಂದಾಗ ಹಲ್ಡಾ ತನ್ನ ಹೆಸರು ಹೇಳಿ, ಬೆತ್ತದಿಂದ ಮೇಜಿನ ಕಡೆ ತೋರಿಸಿ, ಅವಳೂ, ಎಂದಿದ್ದಳು. ಹಾಗಾಗಿ ಹೋದ ಮಂಗಳವಾರ, ಅವರ ಲೆಕ್ಕದ ಮೂರನೆಯ ದಿನ, ಮಧ್ಯಾಹ್ನ ಟೇಸಿಯ ಗಾಡಿಯಲ್ಲಿ ಇಬ್ಬರೂ ಎಲ್ವುಡ್‌ನ ಮನೆಗೆ ಹೋದರು, ಹಲ್ಡಾಳ ಮಡಿಲಲ್ಲಿ ಸೇಬಿನ ಪೈ. ಅಡಿಗೆಮನೆಯಲ್ಲಿ ರೇಡಿಯೋ ಹಂದಿ ಮತ್ತು ಸೋಯಾಬೀನ್ ಧಾರಣೆ ಓದುತ್ತಿತ್ತು. ಅವನು ಅದರ ಸದ್ದನ್ನು ಇಳಿಸಿದ, ಆರಿಸಲಿಲ್ಲ. ಕಾಫಿ ಕೊಟ್ಟ, ಅಂಗಡಿಯ ಬಿಸ್ಕತ್ತಿನ ಪೊಟ್ಟಣ ಹರಿದು ಮುಂದಿಟ್ಟ. ಮೇಜಿನ ಮೇಲೆ ಒಂದೇ ತಟ್ಟೆ, ಒಂದೇ ಚಮಚ, ತೊಳೆದು ಒರೆಸಿ ಇಟ್ಟದ್ದು. ಹಲ್ಡಾ ಅವನ ತೊಗಲಂಗಿಯನ್ನು ನೋಡಿ, “ಗುಂಡಿ ಯಾವಾಗ ಬಿತ್ತೋ? ಕೊಡು, ಹೊಲಿದುಕೊಡ್ತೀನಿ,” ಎಂದಳು.

“ಇರ್ಲಿ ಬಿಡು. ಹಂದಿಗಳು ಗುಂಡಿ ನೋಡಲ್ಲ.”

“ನಿನ್ನ ಹಂದಿಗಳಿಗೂ ಈಗ ನೋಡೋಕೆ ಬೇರೆ ಯಾರೂ ಇಲ್ಲ, ಪಾಪ.”

ಅವನು ನಕ್ಕ. ಪೈ ತಿಂದ, ಇನ್ನೊಂದು ತುಂಡು ಹಾಕಿಕೊಂಡ. ಆಮೇಲೆ ಮೂವರೂ ಸುಮ್ಮನೆ ಕೂತರು, ಹಾಗೆ ಕೂರುವುದಕ್ಕೇ ಅಲ್ಲವೇ ಬಂದದ್ದು. ಟೇಸಿ ಮೇಜಿನ ಮೇಲಿನ ಅವನ ಕೈಗಳನ್ನು ನೋಡುತ್ತಿದ್ದಳು. ಕ್ಷಮಿಸು ಎನ್ನುವ ಮಾತು ಅವಳ ಬಾಯಲ್ಲಿ ಸಿದ್ಧವಾಗಿತ್ತು. ತಿಂಗಳುಗಳಿಂದ ತೊಳೆದು ಇಸ್ತ್ರಿ ಮಾಡಿ ಮಡಿಸಿಟ್ಟಿದ್ದಳು. ರೇಡಿಯೋ ಸಣ್ಣಗೆ ಗೊಣಗುತ್ತಲೇ ಇತ್ತು, ಅದನ್ನು ಆರಿಸಬಾರದೇ ಎನಿಸಿತು. ಹಲ್ಡಾ ಕೊನೆಗೆ ಕೈ ಚಾಚಿದಳು, ಅವನು ಕುಲುಕಿದ. “ಬಾ ಮತ್ತೆ ಸಭೆಗೆ,” ಎಂದಳು. “ನೋಡೋಣ,” ಎಂದ. ಹಲ್ಡಾಳನ್ನು ಗಾಡಿಯಲ್ಲಿ ಕೂರಿಸಿ, ಬಿಸಿಗಾಳಿ ಹಾಕಿ, ಬಾಗಿಲು ಮುಚ್ಚಿ ತಿರುಗಿದರೆ ಅವನು ಪೈ ತಟ್ಟೆ ಹಿಡಿದುಕೊಂಡು ಹಿಂದೆಯೇ ಬಂದು ನಿಂತಿದ್ದ. ತೊಳೆದಿದ್ದ.

“ಎಲ್ವುಡ್, ಆ ಕಲ್ಲಿನ ವಿಷಯ,” ಎಂದಳು ಟೇಸಿ.

“ಕಲ್ಲಾ?” ಅವನಿಗೆ ನಿಜವಾಗಿಯೂ ಒಂದು ಗಳಿಗೆ ಹೊಳೆಯಲಿಲ್ಲ. “ಓ, ಅದಾ. ಅದು ನನಗೆ ಮೊದಲಿಂದ್ಲೂ ಸೇರ್ತಿರ್ಲಿಲ್ಲ. ಅವಳ ಅಕ್ಕ ಹಾಕ್ಸಿದ್ದು, ಬೇಡ ಅನ್ನೋಕಾಗ್ಲಿಲ್ಲ. ಓರ್ಫಾ ನೋಡಿದ್ರೆ ನಕ್ಕಿರೋಳು. ಇಳಿಸಿದ್ದು ಒಳ್ಳೇದೇ ಆಯ್ತು.”

ಟೇಸಿಯ ಬಾಯಲ್ಲಿ ಮಡಿಸಿಟ್ಟಿದ್ದ ಮಾತು ಹಾಗೇ ಉಳಿಯಿತು. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಏಳು ತಿಂಗಳು ಅವಳು ಸಾಕಿದ ಆ ನೋವು ಅವನದಾಗಿರಲಿಲ್ಲ, ಅವಳೇ ಹೊಲಿದು ಅವನಿಗೆ ತೊಡಿಸಿದ್ದು.

“ಮತ್ತೆ ಅವತ್ತು... ನೀನು ಏನೋ ಹೇಳೋಕೆ ಹೊರಟ ಹಾಗಿತ್ತು.”

“ಹೊರಟಿದ್ದೆ.” ಅವನು ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. “ಕಲ್ಲಿನ ಬಗ್ಗೆ ಅಲ್ಲ. ಹುಟ್ಟಿದಾಗಿನಿಂದ ಆ ಬೆಂಚಿನ ಮೇಲೆ ಕೂತಿದೀನಿ ಟೇಸಿ. ನೀವೆಲ್ಲ ಒಳಗೆ ಏನೋ ಕೇಳಿಸ್ಕೋತೀರ. ಕೇಳ್ಸುತ್ತೆ ಅಂತೀರ. ನನಗೆ ಒಂದು ದಿನಾನೂ ಏನೂ ಕೇಳ್ಸಿಲ್ಲ. ಓರ್ಫಾ ಇದ್ದಾಗ ಆ ಕಡೆ ಬೆಂಚಿಂದ ಅವಳ ಉಸಿರು ಕೇಳ್ತಿತ್ತು, ಅವಳಿಗೆ ಗೂರಲು ಇತ್ತಲ್ಲ. ನಾನು ಅದನ್ನೇ ಕೇಳ್ತಾ ಕೂತಿರ್ತಿದ್ದೆ. ಈಗ ಅದೂ ಇಲ್ಲ. ಇಷ್ಟನ್ನ ಎದ್ದು ನಿಂತು ಹೇಳ್ಬೇಕು ಅಂತಿದ್ದೆ. ಕಾಲಿಗೆ ಬಲ ಬರ್ಲಿ ಅಂತ ಕಾಯ್ತಿದ್ದೆ. ಅಷ್ಟರಲ್ಲಿ ನೀನು ಓದಿಬಿಟ್ಟೆ.”

“ನಾನು ಕಾಯ್ಬೇಕಿತ್ತು.”

“ಕಾಯ್ಬೇಕಿತ್ತೋ ಏನೋ. ಎದ್ದಿರ್ತಿದ್ದೆನೋ ಇಲ್ವೋ, ನನಗೂ ಗೊತ್ತಿಲ್ಲ.” ಅವನು ಗಾಡಿಯ ಕಡೆ ನೋಡಿದ, ಗಾಜಿನ ಹಿಂದೆ ಹಲ್ಡಾ ಕಣ್ಣು ಮುಚ್ಚಿಕೊಂಡಿದ್ದಳು. “ನನ್ನ ಹೆಸರು ತೆಗೆಸು. ನಂಬಿಕೆ ಇಲ್ದೆ ಪಟ್ಟಿಯಲ್ಲಿ ಇರೋದು ಸುಳ್ಳು. ಯಾರಾದ್ರೂ ಯಾಕೆ ಅಂದ್ರೆ ಇದ್ದದ್ದು ಇದ್ದ ಹಾಗೆ ಹೇಳು, ಸೇರಿಸಬೇಡ, ತೆಗೀಬೇಡ.”

“ತೆಗೆದ್ರೆ ಓರ್ಫಾ ಪಕ್ಕ...”

“ಗೊತ್ತು.”

“ಸುಮ್ಮನೆ ಇದ್ದುಬಿಡು ಎಲ್ವುಡ್. ಯಾರೂ ಕೇಳಲ್ಲ.”

“ಅವಳ ಪಕ್ಕ ಸುಳ್ಳು ಹೇಳ್ಕೊಂಡು ಮಲಗ್ಲಾ?” ಎಂದ. ಕೋಪವಿರಲಿಲ್ಲ. ತಟ್ಟೆಯನ್ನು ಅವಳ ಕೈಗೆ ಕೊಟ್ಟು, ಗುಂಡಿಯಿಲ್ಲದ ಅಂಗಿಯನ್ನು ಎದೆಗೆ ಎಳೆದುಕೊಂಡು ಹಂದಿಗಳ ಕಡೆ ನಡೆದ. ದಾರಿಯಲ್ಲಿ ಹಲ್ಡಾ ಕಣ್ಣು ತೆರೆಯದೆಯೇ ಹೇಳಿದಳು: “ಬರ್ತಾನೆ ಕಣೆ. ಎರಡು ತುಂಡು ತಿಂದ. ಮನಸ್ಸು ಕೆಟ್ಟೋರು ಹಾಗೆ ತಿನ್ನಲ್ಲ.” ಊಹೆ ಮತ್ತು ಗ್ರಹಿಕೆಯ ನಡುವೆ ಅಷ್ಟು ಚೊಕ್ಕವಾಗಿ ಗೆರೆ ಎಳೆದಿದ್ದ ಮುದುಕಿ ಎರಡು ತುಂಡು ಪೈಯನ್ನು ನೆಚ್ಚಿ ಆ ಗೆರೆಯನ್ನು ದಾಟಿಬಿಟ್ಟಿದ್ದಳು, ಮತ್ತು ಟೇಸಿ ಅವಳನ್ನು ತಿದ್ದಲಿಲ್ಲ.

ಇತ್ತ ಇವತ್ತಿನ ಸಭೆಯಲ್ಲಿ ಎಝ್ರಾ ಪಕ್ಕದವನ ಕೈ ಕುಲುಕಿದ. ಆರಾಧನೆ ಮುಗಿದು ವ್ಯವಹಾರ ಶುರುವಾಯಿತು. ಟೇಸಿ ಮೇಜಿಗೆ ಹೋಗಿ ಕೂತಳು. ಮಾಡಿನ ಸೋರಿಕೆಯ ಮಾತಾಯಿತು, ಸೌದೆಯ ಮಾತಾಯಿತು. ಅವಳು ಗ್ರಹಿಸಿದ್ದೇನೆ ಎಂದು ಓದಿದಳು, ಅವರು ಹಾಗೇ ಅನಿಸುತ್ತೆ ಎಂದರು. ಆಮೇಲೆ ಹಲ್ಡಾ ಬೆತ್ತ ಊರಿ ಎದ್ದಳು. “ಹೋಗಿದ್ವಿ. ಚೆನ್ನಾಗಿ ಮಾತಾಡಿಸಿದ. ನಗ್ತಾ ಇದ್ದ. ಬರ್ತಾನೆ ಅಂತ ನನಗೆ ಭರವಸೆ ಇದೆ,” ಎಂದು ಕೂತಳು. ಬೆಂಚುಗಳ ಮೇಲೆ ಒಂದು ಬೆಚ್ಚನೆಯ ಅಲುಗಾಟ ಹಾದುಹೋಯಿತು. ಇಲ್ಲಿಗೇ ಬಿಟ್ಟರೆ ಆಯಿತು. ಬಾಯಿ ಮುಚ್ಚಿಕೊಂಡು ಕೂತರೆ ಸಾಕು. ಅವಳಿಗೂ ಬೇರೆ ಹೇಳಲು ಏನೂ ಇಲ್ಲವೆಂದು ಅವರೇ ಅಂದುಕೊಳ್ಳುತ್ತಾರೆ. ಸೇರಿಸಬೇಡ, ತೆಗೀಬೇಡ. ಅವಳ ಕಾಲುಗಳು ಅವಳನ್ನು ಎಬ್ಬಿಸಿ ನಿಲ್ಲಿಸಿದವು.

ಹೇಳಿದಳು. ಅವನ ಮಾತುಗಳಲ್ಲೇ ಹೇಳಿದಳು. ಏನೂ ಕೇಳಿಸಿಲ್ಲ ಎಂದದ್ದು, ಉಸಿರಿನದು, ಸುಳ್ಳಿನದು, ಮಣ್ಣಿನದು. ಹಲ್ಡಾಳ ಮುಖ ಮೆಲ್ಲಗೆ ಮೇಲೆ ಬಂದು ಅವಳ ಮೇಲೆ ನಿಂತಿತು. ಆ ಮುಖದಲ್ಲಿ, ಗಾಡಿಯಲ್ಲಿ ಯಾಕೆ ಹೇಳಲಿಲ್ಲ, ಎನ್ನುವುದು ಬಿಟ್ಟು ಬೇರೇನೂ ಇರಲಿಲ್ಲ. ಟೇಸಿ ಕೂತಳು. ಒಲೆಯಲ್ಲಿ ಸೌದೆ ಕುಸಿಯಿತು. ತುಂಬ ಹೊತ್ತಾದ ಮೇಲೆ ಎಝ್ರಾ ಎದ್ದ, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ. “ಅವನ ಜಾಗ ಓರ್ಫಾ ಪಕ್ಕ ನಾನೇ ಅಳೆದಿಟ್ಟಿದ್ದೆ,” ಎಂದ. ಆಮೇಲೆ, “ಆದ್ರೆ ಅವನೇ ಬಾಯಿಬಿಟ್ಟು ಕೇಳಿದಾನೆ. ಪ್ರಾಮಾಣಿಕನಾಗಿ ಕೇಳಿದಾನೆ. ನಾವು ಅವನ ಮಾತಿಗೆ ಬೆಲೆ ಕೊಡದೆ ಹೋದ್ರೆ ಹೇಗೆ? ತೆಗೆಯೋದೇ ಸರಿ ಅನಿಸುತ್ತೆ.” ಕೂತ. “ನನಗೂ ಹಾಗೇ ಅನಿಸುತ್ತೆ,” ಎಂದ ಲಿಂಡ್ಲಿ, ಅವಳ ಕಡೆ ನೋಡದೆ. “ನನಗೂ,” ಎಂದಳು ಹಲ್ಡಾ. ಕಿಟಕಿಯ ಕಡೆಯಿಂದ ಒಂದು ದನಿ, ಹಿಂದಿನಿಂದ ಇನ್ನೊಂದು.

ಮತ್ತೆ ಮೌನ. ಅವಳು ಕಾದಳು. ಈ ಸಲ ಅವಳ ಮೈಯಲ್ಲಿ ಯಾವ ಅವಸರವೂ ಇರಲಿಲ್ಲ. ಬೆಳಗ್ಗೆಯಿಂದ ಒಂದು ತೊಟ್ಟು ನೀರು ಕೂಡ ಕುಡಿದಿರಲಿಲ್ಲ. ಒಂದೊಂದೇ ಮುಖವನ್ನು ನೋಡುತ್ತ ಹೋದಳು. ಮತ್ತು ಅದು ಬಂತು, ಎಷ್ಟೋ ವರ್ಷಗಳ ಮೇಲೆ. ಆ ದೊಡ್ಡ ಬೆಚ್ಚನೆಯ ಪ್ರಾಣಿ ಬಾಗಿಲು ನೂಕಿಕೊಂಡು ಒಳಗೆ ಬಂದು ಎಲ್ಲರ ಕಾಲ ಬಳಿ ಮಲಗಿತು. ಅದರ ಮೈಯ ಒಂದೊಂದು ಉಬ್ಬುತಗ್ಗೂ ಅವಳಿಗೆ ಕೈಗೆ ಸಿಕ್ಕಿತು. ಅನುಮಾನಕ್ಕೆ ಒಂದಿಷ್ಟೂ ಜಾಗವಿರಲಿಲ್ಲ. ದುಃಖದಿಂದ, ಪ್ರೀತಿಯಿಂದ, ಒಂದೇ ಮನಸ್ಸಿನಿಂದ ಈ ಜನ ಎಲ್ವುಡ್ ಕೇಳಿದ್ದನ್ನು ಅವನಿಗೆ ಕೊಡಲು ಸಿದ್ಧರಿದ್ದರು. ಗ್ರಹಿಸುವುದೆಂದರೆ ಇದು. ಅಪ್ಪನಿಗೆ ಹೀಗೆಯೇ ಆಗುತ್ತಿದ್ದಿರಬೇಕು, ಇಷ್ಟು ಸರಾಗವಾಗಿ. ಲೇಖನಿ ಎತ್ತಿದರೆ ಪದ ತಾನಾಗಿ ಇಳಿಯುತ್ತದೆ, ಮತ್ತು ಈ ಸಲ ಅದು ನಿಜವಾಗಿರುತ್ತದೆ.

ಬೇಲಿಯ ಒಳಗಿನ ಓರ್ಫಾಳ ಪಕ್ಕದ ಹುಲ್ಲು ಅವಳಿಗೆ ಕಾಣಿಸಿತು. ಎಝ್ರಾ ಗೂಟ ನೆಟ್ಟು ಅಳೆದಿಟ್ಟ ಆ ಒಂದು ಮೈಯಷ್ಟು ಜಾಗ.

“ಟೇಸಿ,” ಎಂದ ಎಝ್ರಾ ಕೊನೆಗೆ, ಮೆತ್ತಗೆ. “ಸಭೆ ಏನು ಹೇಳ್ತು?”

“ನನಗೆ ತಿಳೀಲಿಲ್ಲ,” ಎಂದಳು.

ಯಾರೋ ಕೆಮ್ಮಿದರು. ಅವಳು ತಲೆ ತಗ್ಗಿಸಿ ಬರೆಯತೊಡಗಿದಳು, ಅಕ್ಷರಗಳು ಎಂದಿನಂತೆ ದುಂಡಗೆ ಬಂದವು. ಎಲ್ವುಡ್‌ನ ಕೋರಿಕೆಯ ವಿಷಯದಲ್ಲಿ ಸಭೆಯ ಮನಸ್ಸು ತಿಳಿಯಲಿಲ್ಲವಾದ್ದರಿಂದ ಅದನ್ನು ಮುಂದಿನ ತಿಂಗಳಿಗೆ ಇಡಲಾಗಿದೆ. ಓದಿದಳು. ತಿಳಿಯಲಿಲ್ಲವೆಂದರೆ ಮುಂದಕ್ಕೆ ಇಡುವುದು ಪದ್ಧತಿ. ಮುಂದಿನ ತಿಂಗಳೂ ತಿಳಿಯದಿರಬಹುದು, ಅದರ ಮುಂದಿನ ತಿಂಗಳೂ. ಅಲ್ಲಿಯವರೆಗೆ ಹೆಸರು ಇದ್ದಲ್ಲೇ ಇರುತ್ತದೆ, ಓರ್ಫಾಳ ಪಕ್ಕದ ಜಾಗವೂ, ಮತ್ತು ಎಲ್ವುಡ್‌ಗೆ ವಯಸ್ಸಾಗಿದೆ. ಈ ಲೆಕ್ಕವೆಲ್ಲ ಓದಿ ಮುಗಿಸುವ ಮೊದಲೇ ಅವಳ ತಲೆಯಲ್ಲಿ ಆಗಿಹೋಗಿತ್ತು. ಈ ಮನೆಯ ಒಳಗೆ ಬೇಕೆಂದೇ ಸುಳ್ಳು ಹೇಳಿದವರು ಯಾರೂ ಅವಳಿಗೆ ನೆನಪಾಗಲಿಲ್ಲ.

ಒಪ್ಪಿಗೆ ಬೇಕಿತ್ತು. ಹಲ್ಡಾ ಅವಳನ್ನೇ ನೋಡುತ್ತಿದ್ದಳು, ಬೆತ್ತದ ಹಿಡಿಯ ಮೇಲೆ ಗಲ್ಲ ಊರಿ, ಮಗುವಿನ ಜ್ವರ ನೋಡುವ ಹಾಗೆ. ಆಮೇಲೆ ಕಣ್ಣು ಇಳಿಸಿ, “ನನಗೂ ಹಾಗೇ ಅನಿಸುತ್ತೆ,” ಎಂದಳು. ಲಿಂಡ್ಲಿ ಹೇಳಿದ. ಎಝ್ರಾ ಟೋಪಿಯ ಒಳಗೆ ನೋಡಿಕೊಂಡು ಹೇಳಿದ. ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು. ಅವರಿಗೆ ಗೊತ್ತಾಗಿತ್ತೇ, ಗೊತ್ತಾಗಿಯೂ ಹೇಳಿದರೇ, ಇಲ್ಲ ನಂಬಿದರೇ ಎಂದು ಟೇಸಿ ಯಾರ ಮುಖದಲ್ಲೂ ಹುಡುಕಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ತಟ್ಟೆಗಳನ್ನು ಜೋಡಿಸತೊಡಗಿದರು. ಸಂಜೆಯೊಳಗೆ ಎಲ್ವುಡ್‌ನ ಮನೆಗೆ ಸುದ್ದಿ ತಲುಪುತ್ತದೆ. ರೇಡಿಯೋದ ಸದ್ದು ಇಳಿಸಿ ಕೇಳಿಸಿಕೊಳ್ಳುತ್ತಾನೆ. ಯಾರು ಏನು ಮಾಡಿದರು, ಯಾಕೆ ಮಾಡಿದರು ಎಂದು ಅವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಸರು ತೆಗೆಸು ಎಂದು ಅವನು ತನ್ನದಾಗಿ ಹೇಳಿದ ಒಂದೇ ಒಂದು ಮಾತನ್ನೂ ಅವಳು ಅವನ ಕೈಯಿಂದ ತೆಗೆದುಕೊಂಡಿದ್ದಳು.